ಹೆಬ್ಬೆಯ ಅಬ್ಬಿಗೆ ಪ್ರಯಾಣ ಸನ್ನಾಹ

ಜಲಪಾತವನ್ನು ನೋಡಹೋಗತಕ್ಕವರಿಗೆ ಒಂದು ವಿಚಿತ್ರವಾದ ತೊಡಕುಂಟು. ನೀರು ತುಂಬಿ ಧುಮುಕುವ ಕಾಲದಲ್ಲಿ ದಾರಿ ಕೆಟ್ಟಿರುತ್ತದೆ. ದಾರಿ ಒಣಗಿ ಹದವಾಗುವ ಹೊತ್ತಿಗೆ ನೀರು ಬಡವಾಗಿರುತ್ತದೆ. ಗುಡಿಯಾದರೆ, ಕೋಟೆಯಾದರೆ, ನಮ್ಮ ಬಿಡುವನ್ನು ನೋಡಿಕೊಂಡು ಯಾವಾಗ ಹೋದರೂ ಅದು ತನ್ನ ಸ್ಥಳದಲ್ಲಿ ಇದ್ದೇ ಇರುವುದು. ಅಬ್ಬಿಯು ಹಾಗಲ್ಲ. ಅದರ ಬಿಡುವನ್ನು ನಾವು ನೋಡಿಕೊಳ್ಳಬೇಕು. ವಯಸ್ಸಾದವರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೊರಡುವ ಸಂಸಾರವಂದಿಗರಂತೂ ಹಣದ ಚೀಲವನ್ನು ನೋಡುವುದಕ್ಕೆ ಮೊದಲು ಪಂಚಾಂಗವನ್ನು ನೋಡುವುದು ಮೇಲು. ತರೀಕೆರೆ ತಾಲ್ಲೂಕಿನ ಹೆಬ್ಬೆಗೆ ಹೋಗಿಬರಬೇಕೆಂದು ನಾವು ಸಂಕಲ್ಪ ಮಾಡಿದಾಗ ಈ ತೊಡಕು ಪೂರ್ಣವಾಗಿ ಎದುರಾಯಿತು. ನೋಡಿದುದನ್ನು ವರ್ಣಿಸುವವರು ಬಹು ಮಂದಿ. ಹೊರಡುವುದಕ್ಕೆ ಮುಂಚೆ ಏನೇನು ಯೋಚಿಸಬೇಕಾಯಿತೆಂಬುದನ್ನು ಹೇಳುವವರು ಕಡಿಮೆ. ಆದುದರಿಂದ ವಾಚಕರಿಗೆ ಅದನ್ನೇ ಮೊದಲು ತಿಳಿಸುವೆವು.

ಕಡೂರು, ಬೀರೂರುಗಳ ಬಯಲಿನಿಂದ ಪಶ್ಚಿಮಕ್ಕೆ ನೋಡಿದರೆ ಕಾಣುವ ನೀಲಿಯ ಗೋಡೆಯೇ ಬಾಬಾಬುಡನ್ ಗಿರಿಶ್ರೇಣಿ. ಇದಕ್ಕೆ ಚಂದ್ರದ್ರೋಣ ಪರ್ವತವೆಂಬ ಹೆಸರೂ ಇದೆ. ಬೆಟ್ಟಗಳು ಸಾಲಾಗಿ ನೇರವಾಗಿ ನಿಲ್ಲದೆ ಅರ್ಧಚಂದ್ರದಂತೆ, ಲಾಳದಂತೆ, ಬಾಗಿ ನಿಂತಿವೆ. ದಕ್ಷಿಣದಲ್ಲಿ 1,930 ಮೀಟರು ಎತ್ತರದ ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಬೇರೊಂದಿಲ್ಲ. ಉತ್ತರದ ಕಡೆಯಲ್ಲಿ 1,434 ಮೀಟರು ಎತ್ತರದ ಕೆಮ್ಮಣ್ಣುಗುಂಡಿ. ಈ ಬಾಗಿನ ಒಳಮೈಯಲ್ಲಿ ದಟ್ಟವಾದ ಕಾಡು ತುಂಬಿದೆ. ಆ ಕಾಡಿನೊಳಗೆ, ಕೆಮ್ಮಣ್ಣುಗುಂಡಿಯಿಂದ ಸುಮಾರು 8 ಕಿಲೋಮೀಟರು ದೂರದಲ್ಲಿ, ಹೆಬ್ಬೆಯ ನೀರು 168 ಮೀಟರು, ಎಂದರೆ 551 ಅಡಿ, ಎರಡು ಹಂತಗಳಾಗಿ ಇಳಿಯುತ್ತದೆ. ಒಂದಕ್ಕೆ ದೊಡ್ಡ ಹೆಬ್ಬೆಯೆಂದೂ ಇನ್ನೊಂದಕ್ಕೆ ಚಿಕ್ಕ ಹೆಬ್ಬೆಯೆಂದೂ ಹೆಸರು. ಮಲೆನಾಡಿಗರು ಬೀಳುವ ನೀರನ್ನು ಅಬ್ಬಿ ಎನ್ನುವರಷ್ಟೆ. ಮಡಿಕೇರಿಯ ಬಳಿಯ ಅಬ್ಬಿಯನ್ನೂ ಆಗುಂಬೆಯ ಒನಕೆ ಅಬ್ಬಿಯನ್ನೂ ವಾಚಕರು ಕೇಳಿರಬಹುದು. ಹೆಬ್ಬೆಯೆಂಬ ಮಾತು ನಮ್ಮ ಕಿವಿಗೆ ಹಿರಿಯ ಅಬ್ಬಿಯೆಂದೇ ಕೇಳಿಸುತ್ತದೆ.

ಈ ಬೆಟ್ಟದ ನೀರಿನ ಸಂಸಾರವನ್ನು ಸ್ವಲ್ಪ ತಿಳಿದುಕೊಂಡು ಹೋದರೆ ನೋಟಕ್ಕೆ ರುಚಿ ಹೆಚ್ಚು. ಬಾಗಿನ ಒಳಗೆ ಬಿದ್ದ ಮಳೆ ಹೆಬ್ಬೆಯಂತಹ ಹಳ್ಳಗಳಾಗಿ ಭದ್ರಾ ನದಿಯನ್ನು ಸೇರುತ್ತದೆ. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು, ಕಾಲುವೆಗಳ ಮೂಲಕ ದಾವಣಗೆರೆ ಸೀಮೆಯ ಗದ್ದೆಗಳವರೆಗೂ ಹೋಗುತ್ತದೆ. ಉಳಿದದ್ದು ಕೂಡಲಿಯಲ್ಲಿ ತುಂಗೆಯೊಡನೆ ಕೂಡುತ್ತದೆ. ಅದೇ ಬೆಟ್ಟದ ಮೂಡಣ ಮೈಯ ಮೇಲೆ ಬಿದ್ದ ಮಳೆಯಾದರೋ ವೇದಾ, ಆವತಿ ಎಂಬ ಹೊಳೆಗಳಾಗಿ ಕಡೂರಿನ ಕಡೆಗೆ ಹರಿದು ವೇದಾವತಿಯೆನಿಸಿಕೊಂಡು, 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯನ್ನು ತುಂಬಿ, ಮುಂದೆ ಹಗರಿಯಾಗಿ ಬಳ್ಳಾರಿಯ ಸೀಮೆಯಲ್ಲಿ ತುಂಗಭದ್ರೆಗೇ ಬಂದು ಬೀಳುತ್ತದೆ. ಒಂದೇ ಮೋಡದ ಎರಡು ಹನಿಗಳು ಬೆನ್ನು ತಿರುಗಿಸಿ ಹೊರಟು, ಅಷ್ಟು ದೂರ ಅಲೆದು, ಕಡೆಗೆ ಒಂದೇ ಹೊಳೆಯಲ್ಲಿ ಸೇರುವುದೆಂದರೆ ಬೆರಗಾಗದಿರುವುದು ಹೇಗೆ?

ಇನ್ನು ಕಾಲದ ವಿಚಾರ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಗಾರು. ಆಗ ಹೆಬ್ಬೆ ತನ್ನ ಪೂರ್ಣ ವೈಭವದಲ್ಲಿರುತ್ತದೆ. ಆದರೆ ಮಂಜು ಕವಿದು, ಎದುರಿಗೆ ಗುಡುಗುತ್ತಿರುವ ನೀರು ಕಣ್ಣಿಗೆ ಕಾಣದೆ ಹೋಗುವುದುಂಟು. ದಾರಿಗಡ್ಡವಾಗಿ ಹರಿಯುವ ಹಳ್ಳಗಳು ಯಾವ ಗಳಿಗೆಯಲ್ಲಿ ಏರುವುವೋ ಹೇಳಬರುವುದಿಲ್ಲ. ಮೇಲೆ ಬೆಟ್ಟದ ನೆತ್ತಿಯಲ್ಲಿ ಸುರಿದ ಮಳೆ ಕೆಳಗೆ ಬಿಸಿಲಿರುವಾಗಲೇ ಬಂದು ಕಾಲನ್ನು ಕೀಳುತ್ತದೆ. ಮಾಘ ಫಾಲ್ಗುಣಗಳಿಗೆ ಹೋದರೆ ಕಾಡಿಗೆ ಕಿಚ್ಚಿನ ಭಯ. ಅರಣ್ಯದ ಅಧಿಕಾರಿಗಳು ದಾರಿಯನ್ನು ಮುಚ್ಚಿಸಬಹುದು. ಚೈತ್ರದ ಹೊತ್ತಿಗೆ ಒಂದೆರಡು ಮಳೆ ಬಿದ್ದು ಕಾಫಿ ಗಿಡಗಳೆಲ್ಲ ಮಲ್ಲಿಗೆಯಂತೆ ಹೂವಾಗಿ ಬೆಟ್ಟವೇ ಕಂಪಿಡುವುದು ನಿಜ; ಆದರೆ ಆಗ ಅಬ್ಬಿಯ ನೀರು ಸೊರಗಿರುತ್ತದೆ. ಎಲ್ಲವನ್ನೂ ಅಳೆದು ನೋಡಿದ ಮೇಲೆ ದೀಪಾವಳಿ ಕಳೆದ ನಂತರ, ಕಾರ್ತಿಕಮಾಸದ ನಡುಭಾಗವೇ ನಮಗೆ ಸರಿಯೆಂದು ತೋರಿತು. ಮುಂಗಾರಿನ ನೀರು ಹುಲ್ಲುಗಾವಲಿನ ಬೇರುಗಳಲ್ಲಿಯೂ ಶೋಲೆಯ ಕಾಡಿನ ಮಣ್ಣಿನಲ್ಲಿಯೂ ಇಂಗಿ, ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವ ಕಾಲವದು. ಆಕಾಶ ತಿಳಿಯಾಗಿರುತ್ತದೆ, ಕಾಫಿ ತೋಟಗಳಲ್ಲಿ ಹಣ್ಣು ಕೆಂಪೇರಿ ಕೊಯ್ಲು ತೊಡಗಿರುತ್ತದೆ. ಹಿಂಗಾರಿನ ಮಳೆ ಒಂದೊಂದು ಸಾರಿ ಬಂದು ಕೆಡಿಸುವುದುಂಟು. ಅದಕ್ಕೆ ನಾವು ಕಂಡುಕೊಂಡ ಉಪಾಯವೊಂದೇ: ಎರಡು ದಿನದ ಪ್ರಯಾಣಕ್ಕೆ ಮೂರು ದಿನಗಳನ್ನು ಇಟ್ಟುಕೊಳ್ಳುವುದು. ಒಂದು ದಿನ ಬರಿದಾಗಿರಲಿ ಎಂದಾಗ ಮನೆಯ ಹುಡುಗರು ನಕ್ಕರು. ನಗಲಿ.

ಕಾಲ ನಿಶ್ಚಯವಾದ ಮೇಲೆ ಉಳಿದದ್ದು ಜನದ ವಿಚಾರ. ಇದೇ ಕಠಿಣವಾದದ್ದು. ನಮ್ಮ ತಾಯಿಯವರಿಗೆ ಎಪ್ಪತ್ತಾರು ವರ್ಷ. ಅವರ ತೌರು ತರೀಕೆರೆಯ ಕಡೆ. ಹುಡುಗಿಯಾಗಿದ್ದಾಗಿನಿಂದ ಹೆಬ್ಬೆಯ ಹೆಸರನ್ನು ಕೇಳುತ್ತ ಬಂದಿದ್ದರೂ ಅದನ್ನು ನೋಡಿದವರಲ್ಲ. ಆ ಕಾಲದಲ್ಲಿ ಹೆಂಗಸರು ಅಬ್ಬಿ ನೋಡಲೆಂದು ಕಾಡಿಗೆ ಹೋಗುವ ಪದ್ಧತಿಯೇ ಇರಲಿಲ್ಲ. ಕಲ್ಹತ್ತಿಯ ಜಾತ್ರೆಯೊಂದೇ ಅವರಿಗಿದ್ದ ಪ್ರವಾಸ. ಈಗ ನಾವೆಲ್ಲ ಹೊರಟಿರುವಾಗ ಅವರನ್ನು ಬಿಟ್ಟು ಹೋಗುವುದು ಹೇಗೆ? ಕರೆದುಕೊಂಡು ಹೋದರೆ ಆ ಜೀಪಿನ ದಾರಿಯ ಕುಲುಕಾಟವನ್ನು ಅವರ ಮಂಡಿಗಳು ತಾಳುವುದು ಹೇಗೆ? ನಮ್ಮ ಮನೆಯವರು ಬೇಡವೆಂದರು. ನಮ್ಮ ತಮ್ಮ, ಎತ್ತಿಕೊಂಡಾದರೂ ಹೋಗೋಣವೆಂದ. ಎರಡು ರಾತ್ರಿ ಇದೇ ಚರ್ಚೆಯಾಯಿತು. ತಾಯಿಯವರು ಮಾತ್ರ ತುಟಿ ಬಿಚ್ಚದೆ ಬತ್ತಿ ಹೊಸೆಯುತ್ತ ಕುಳಿತಿದ್ದರು. ಕಡೆಗೆ, “ಅಲ್ಲಿಯವರೆಗೆ ಹೋಗೋಣ, ಆಮೇಲೆ ನೋಡಿದರಾಯಿತು” ಎಂದರು. ಮುದುಕರನ್ನು ಕುರಿತು ಅವರೆದುರಿಗೇ ನಾವು ನಡಸುವ ಇಂತಹ ಚರ್ಚೆಗಳಲ್ಲಿ ಅವರ ಮಾತನ್ನು ಕಡೆಯಲ್ಲಿ ಕೇಳುವುದು ಯಾವ ನ್ಯಾಯವೋ ತಿಳಿಯದು.

ಬೆಂಗಳೂರಿನಿಂದ ಕೆಮ್ಮಣ್ಣುಗುಂಡಿಗೆ ಸುಮಾರು 270 ಕಿಲೋಮೀಟರು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಇವು ದಾರಿಯ ಊರುಗಳು. ರೈಲಿನಲ್ಲಿ ಬರತಕ್ಕವರು ಬೀರೂರಿನಲ್ಲಿಯೋ ತರೀಕೆರೆಯಲ್ಲಿಯೋ ಇಳಿದು ಬಾಡಿಗೆಯ ಮೋಟಾರು ಹಿಡಿಯಬಹುದು. ತಿಪಟೂರಿನ ತೆಂಗಿನ ತೋಟಗಳನ್ನು ದಾಟಿದ ಮೇಲೆ ರಾಗಿಯ ಹೊಲಗಳ ಬಯಲು. ಇದರಲ್ಲಿ ಹೇಳತಕ್ಕ ವಿಶೇಷವೇನೂ ಇಲ್ಲ. ಬೆಳಗಿನ ಜಾವಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಅಮೃತಾಪುರದಲ್ಲಿರಬಹುದು. ಇದು ತರೀಕೆರೆಗೆ ಹತ್ತಿರದಲ್ಲಿದೆ. ನೇರವಾದ ದಾರಿಯಿಂದ ಸ್ವಲ್ಪ ಸುತ್ತು. ಆದರೂ ಬಿಡತಕ್ಕದ್ದಲ್ಲ. ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯವಿದು. ಮುಖಮಂಟಪದ ಗೋಡೆಯ ಸುತ್ತ ಕಥೆಗಳನ್ನು ಕೆತ್ತಿದ್ದಾರೆ: ದಕ್ಷಿಣದಲ್ಲಿ ರಾಮಾಯಣದ 70 ಫಲಕಗಳು, ಉತ್ತರದಲ್ಲಿ ಕೃಷ್ಣಕಥೆಯ 25, ಭಾರತದ 45. ಅಲ್ಲಿಯ ಶಾಸನವು ಜನ್ನ ಕವಿಯ ರಚನೆಯೆಂದು ಪ್ರಸಿದ್ಧಿ. ಹುಡುಗರು ಮೋಟಾರಿನಲ್ಲಿ ಕುಳಿತು ಕುಳಿತು ಬೇಸತ್ತಿದ್ದರು. ಅಜ್ಜಿಯ ಕೈ ಹಿಡಿದು, ಇದು ಯಾವ ಕಥೆ, ಅದು ಯಾರು ಎಂದು ಕೇಳುತ್ತ ಗೋಡೆಯನ್ನೆಲ್ಲ ಸುತ್ತಿದರು. ತಾಯಿಯವರು ಬಾಲ್ಯದಲ್ಲಿ ನೋಡಿದ್ದ ಸ್ಥಳ. ನಮಗೆ ಗುರುತು ಸಿಕ್ಕದ ಎಷ್ಟೋ ಪ್ರಸಂಗಗಳನ್ನು ಅವರು ಸಲೀಸಾಗಿ ಹೇಳಿದರು.

ಕಟ್ಟಿಕೊಂಡು ಹೋಗಬೇಕಾದ ಸಾಮಾನು ಹೆಚ್ಚೇನೂ ಇಲ್ಲ. ರಾತ್ರಿಯ ಚಳಿಗೆ ಉಣ್ಣೆಯ ಬಟ್ಟೆ, ಜಾರದ ಅಡಿಯ ಪಾದರಕ್ಷೆ, ಪ್ರತಿಯೊಬ್ಬರಿಗೂ ಒಂದು ಜೊತೆ ಒಣಬಟ್ಟೆ. ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡರೆ ಒಳ್ಳೆಯದು; ಬೆಟ್ಟದ ಮೇಲೆ ಹೋಟೆಲುಗಳನ್ನು ನಂಬಿಕೊಳ್ಳುವುದು ಕಷ್ಟ. ಇಂಬಳದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಮಳೆಗಾಲದಲ್ಲಿಯೂ ಅದು ಮುಗಿದ ಕೆಲವು ವಾರಗಳವರೆಗೂ ಒದ್ದೆಯಾದ ತರಗಿನಲ್ಲಿ ಈ ಜಂತು ಕಾದುಕೊಂಡಿರುತ್ತದೆ. ಕಚ್ಚಿದ್ದು ಕಚ್ಚಿದವರಿಗೇ ಗೊತ್ತಾಗುವುದಿಲ್ಲ. ರಕ್ತ ನಿಲ್ಲುವುದು ತಡವೇ ಹೊರತು ಅಪಾಯವೇನಿಲ್ಲ. ಚಿಕ್ಕದೊಂದು ಬಟ್ಟೆಯ ಗಂಟಿನಲ್ಲಿ ಉಪ್ಪನ್ನು ಕಟ್ಟಿಕೊಂಡು, ಹತ್ತಿದ ಕಡೆ ಒತ್ತಿದರೆ ಬಿಟ್ಟು ಉದುರುವುದು. ಮಲೆನಾಡಿನವರು ಸುಣ್ಣ ಹೊಗೆಸೊಪ್ಪುಗಳನ್ನೂ ಹಚ್ಚಿಕೊಳ್ಳುವರು. ಕಾಡಿನಲ್ಲಿ ಕೈಫೋನು ಕೆಲಸಕ್ಕೆ ಬಾರದು. ಹಿಂದಿರುಗುವ ಹೊತ್ತನ್ನು ಹಿಂದುಳಿದವರಿಗೆ ಮೊದಲೇ ಹೇಳಿ ಹೋಗತಕ್ಕದ್ದು.

ಲಿಂಗದಹಳ್ಳಿಯನ್ನು ಬಿಟ್ಟ ಮೇಲೆ ಘಾಟಿ ತೊಡಗಿತು. ತಿರುವು ತಿರುವಿಗೂ ಬಯಲುಸೀಮೆ ಕೆಳಗಿಳಿಯುತ್ತ, ಕೆರೆಗಳು ಕನ್ನಡಿಯ ಚೂರುಗಳಾಗುತ್ತ, ಗಾಳಿ ತಣ್ಣಗಾಗುತ್ತ ಬಂದಿತು. ದಾರಿಯಲ್ಲಿಯೇ ಕಲ್ಹತ್ತಿ ಸಿಕ್ಕಿತು. ಸಂಜೆಯಾದುದರಿಂದ ಅದನ್ನು ಹಿಂದಿರುಗುವಾಗಿನ ಪಾಲಿಗೆ ಉಳಿಸಿ ಮುಂದಕ್ಕೆ ಹೋದೆವು.

ಕೆಮ್ಮಣ್ಣುಗುಂಡಿಯ ಹೆಸರೇ ಅದರ ಚರಿತ್ರೆಯನ್ನು ಹೇಳುತ್ತದೆ. ಇಲ್ಲಿಯ ಕೆಮ್ಮಣ್ಣೆಂಬುದು ಕಬ್ಬಿಣದ ಅದಿರು; ಈ ಬೆಟ್ಟದ ಬಂಡೆಗಳು 250 ಕೋಟಿ ವರ್ಷಗಳಿಗೂ ಹಿಂದಿನವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮೈಸೂರು ಸಂಸ್ಥಾನದವರು 1918ರಲ್ಲಿ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಇಲ್ಲಿಂದ. 1923ರಲ್ಲಿ ಅಲ್ಲಿಯ ಊದುಕುಲುಮೆಗೆ ಬೆಂಕಿ ಬಿದ್ದಾಗ ಅದನ್ನು ಉರಿಸಿದ ಇದ್ದಿಲೂ ಈ ಸೀಮೆಯ ಕಾಡಿನ ಮರದ್ದೇ. ಅದೇ ಬೆಟ್ಟದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರವರು ಬೇಸಗೆಯಲ್ಲಿ ಬಂದು ತಂಗುತ್ತಿದ್ದರು. ಅವರ ಹೆಸರಿನಿಂದಲೇ ಇದು ಕೃಷ್ಣರಾಜೇಂದ್ರ ಗಿರಿಧಾಮವೆನಿಸಿತು. ಈಗ ತೋಟಗಾರಿಕೆ ಇಲಾಖೆಯ ವಶದಲ್ಲಿದೆ. ಹೂದೋಟವೂ ವಸತಿಗೃಹಗಳೂ ಅವರವೇ. ರಜಾ ದಿನಗಳಲ್ಲಿ ಕೋಣೆಗಳಿಗೆ ನೂಕುನುಗ್ಗಲು; ಮೊದಲೇ ಗೊತ್ತುಮಾಡಿಕೊಂಡು ವಾರದ ನಡುವೆ ಹೋಗುವುದು ಲೇಸು.

ಆ ರಾತ್ರಿ ನಾವು ಮಲಗಿದ ಮೇಲೆ ಹಿಂಗಾರಿನ ಮಳೆಯೊಂದು ಎರಡು ಗಂಟೆಗಳ ಕಾಲ ಹೊಡೆಯಿತು. ಬೆಳಗ್ಗೆ ಎದ್ದರೆ ಆಕಾಶ ತೊಳೆದಿಟ್ಟಂತಿತ್ತು. ಹುಡುಗರು ಕುಣಿಯುತ್ತ ಜೀಪುಗಳು ನಿಲ್ಲುವ ಸ್ಥಳಕ್ಕೆ ಓಡಿದರು. ಹೆಬ್ಬೆಯ ದಾರಿ ಭದ್ರಾ ಅಭಯಾರಣ್ಯದೊಳಗೆ ಸಾಗುವುದರಿಂದ ನಮ್ಮ ನಮ್ಮ ಮೋಟಾರುಗಳನ್ನು ಒಳಗೆ ಬಿಡುವುದಿಲ್ಲ. ಅನುಮತಿ ಪಡೆದ ಜೀಪುಗಳಲ್ಲಿಯೇ ಹೋಗಬೇಕು. ನಿಯಮಗಳೂ ಹಣವೂ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳತಕ್ಕದ್ದು. ಅಂದು ಕಾವಲಿನ ವನಪಾಲಕನು ಯಾರನ್ನೂ ಬಿಡಲಿಲ್ಲ. ನಮ್ಮಂತೆಯೇ ಬಂದಿದ್ದ ಇನ್ನೊಂದು ಗುಂಪಿನವರು ಬಹಳ ಜಗಳವಾಡಿದರು. ಮಳೆ ನಿಂತಿದೆ, ಬಿಸಿಲು ಬಂದಿದೆ, ಇನ್ನೂರು ಮುನ್ನೂರು ಕಿಲೋಮೀಟರಿನಿಂದ ಬಂದಿದ್ದೇವೆ, ಸಾಯಂಕಾಲ ಹಿಂದಿರುಗಬೇಕು ಎಂಬುದು ಅವರ ವಾದ. ಆತನು ಧ್ವನಿಯೇರಿಸದೆ, “ಸ್ವಾಮಿ, ನೀವು ಇಲ್ಲಿಯ ಬಿಸಿಲನ್ನು ನೋಡುತ್ತೀರಿ. ನಾನು ಅಲ್ಲಿಯ ಹಳ್ಳವನ್ನು ನೋಡಿ ಬಂದೆ” ಎಂದನು. ಅವರಿಗೆ ಇದ್ದುದು ಆ ಒಂದೇ ದಿನ. ಗೊಣಗುತ್ತ ಘಾಟಿಯಿಳಿದು ಹೋದರು. ನಮ್ಮ ಬರಿದಾದ ದಿನ ಆಗ ಕೆಲಸಕ್ಕೆ ಬಂದಿತು. ನಕ್ಕಿದ್ದ ಹುಡುಗರು ಅದರ ಮಾತನ್ನೇ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಆ ಹಗಲೆಲ್ಲ ಹೂದೋಟದಲ್ಲಿಯೂ ಬೆಟ್ಟದ ಅಂಚಿನಲ್ಲಿಯೂ ಕಳೆಯಿತು. ಸಂಜೆ ಚಳಿ ಕಾಯಿಸಿಕೊಳ್ಳುತ್ತಿರುವಾಗ ತಾಯಿಯವರು ಜೀಪಿನವನನ್ನು ಕರೆಸಿ, ಹಳ್ಳ ಎಷ್ಟು ಸಾರಿ ದಾಟಬೇಕು, ನೀರು ಎಲ್ಲಿಯವರೆಗೆ ಬರುವುದು, ಕಲ್ಲು ದುಂಡೋ ಚಪ್ಪಟೆಯೋ ಎಂದು ಒಂದೊಂದಾಗಿ ಕೇಳಿದರು. ಆತನು ತಲೆ ಕೆರೆದುಕೊಂಡು, “ಅಜ್ಜೀ, ಜೀಪಿನಲ್ಲಿ ಹೇಗಾದರೂ ಕೂರಿಸಿಕೊಂಡು ಹೋಗುತ್ತೇನೆ. ಜೀಪು ನಿಂತ ಮೇಲೆ ನಡೆಯಬೇಕು ನೋಡಿ, ಕಲ್ಲೆಲ್ಲ ಪಾಚಿ” ಎಂದನು. ತಾಯಿಯವರು ಅವನ ಕೈಗೆ ಎರಡು ಚಕ್ಕುಲಿ ಕೊಟ್ಟು ಕಳುಹಿಸಿ, ನಮ್ಮ ಕಡೆಗೆ ತಿರುಗಿದರು. “ನಾಳೆ ನೀವು ಹೋಗಿಬನ್ನಿ. ನಾನು ಇಲ್ಲಿಯೇ ಇರುವೆ. ಯಾರೂ ನನ್ನ ಜೊತೆಗೆಂದು ಉಳಿಯಕೂಡದು.” ತಮ್ಮನು ಏನೋ ಹೇಳಹೊರಟನು. “ಮಂಡಿ ನನ್ನದು, ಕಣೋ” ಎಂದರು. ಎರಡು ರಾತ್ರಿ ನಾವು ಬಗೆಹರಿಸಲಾರದುದನ್ನು ಅವರು ನಾಲ್ಕು ಪ್ರಶ್ನೆಗಳಲ್ಲಿ ಬಗೆಹರಿಸಿದ್ದರು. ಆದರೂ ನಮ್ಮ ಮನೆಯವರು ಹಟ ಹಿಡಿದು ಅತ್ತೆಯವರ ಜೊತೆಗೆ ಉಳಿದರು.

ಮಾರನೆಯ ದಿನ ದಾರಿ ತೆರೆಯಿತು. ಅದನ್ನು ದಾರಿಯೆನ್ನುವುದು ಒಂದು ಗೌರವಕ್ಕಾಗಿ. ಕಲ್ಲು, ಕೊರಕಲು, ಮತ್ತೆ ಕಲ್ಲು. ಎರಡು ಕಡೆಯೂ ಕಾಫಿಯ ತೋಟ, ಅದರ ಮೇಲೆ ಬೆಳ್ಳಿಮರದ ನೆರಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ಬೀ ದೇಶದ ಮೋಕಾ ಬಂದರದಿಂದ ಏಳು ಬೀಜಗಳನ್ನು ತಂದು ಈ ಬೆಟ್ಟದ ಮೇಲೆಯೇ ಬಿತ್ತಿದರೆಂದು ಪ್ರತೀತಿ; ನಮ್ಮ ಮನೆಗಳ ಬೆಳಗಿನ ಲೋಟದ ತೌರುಮನೆ ಇದು. ತೋಟ ಮುಗಿದು ಕಾಡು ಬಂದಿತು, ಜೀಪು ನಿಂತಿತು. ಅಲ್ಲಿಂದ ಕಾಲುನಡಿಗೆ. ಹಳ್ಳವನ್ನು ದಾಟುವುದು, ದಡದಲ್ಲಿ ಸ್ವಲ್ಪ ನಡೆಯುವುದು, ಮತ್ತೆ ದಾಟುವುದು. ನೀರು ಮೊಣಕಾಲಿನವರೆಗೆ ಬಂದರೂ ಅದರ ಸೆಳೆತ ಬಲವಾಗಿತ್ತು. ಹಿಂದಿನ ದಿನ ಬಿಡದಿದ್ದ ವನಪಾಲಕನನ್ನು ನಾವೆಲ್ಲರೂ ಮನಸ್ಸಿನಲ್ಲಿ ನೆನೆದೆವು. ಎಲ್ಲಿಯೋ ಮರೆಯಿಂದ ಕರಿನೀಲಿ ಬಣ್ಣದ ಹಕ್ಕಿಯೊಂದು ಗುರಿಯಿಲ್ಲದ ಹುಡುಗನಂತೆ ಸಿಳ್ಳು ಹಾಕುತ್ತಿತ್ತು.

ಸದ್ದು ಮೊದಲು ಬಂದಿತು. ಆಮೇಲೆ ತಣ್ಣನೆಯ ಗಾಳಿ. ಕಡೆಗೆ ತಿರುವಿನಲ್ಲಿ ಒಮ್ಮೆಲೇ ನೀರು. ಮರಗಳಿಗಿಂತ ಎಷ್ಟೋ ಮೇಲಿನ ಕರಿಯ ಬಂಡೆಯ ನೆತ್ತಿಯಿಂದ ಬೆಳ್ಳಗೆ ಇಳಿಬಿದ್ದಿದ್ದ ಅದು ಬೀಳುತ್ತಿದೆಯೋ ನಿಂತಿದೆಯೋ ಎಂಬಂತಿತ್ತು. ಒಂದೇ ಧಾರೆಯನ್ನು ಕಣ್ಣಿನಿಂದ ಹಿಡಿದು ಮೇಲಿನಿಂದ ಕೆಳಕ್ಕೆ ಹಿಂಬಾಲಿಸಿದರೆ ಮಾತ್ರ ಅದರ ವೇಗ ತಿಳಿಯುವುದು. ನಡುವೆ ಬಂಡೆಗೆ ತಾಗಿ ಹುಡಿಯಾಗಿ, ಹುಡಿ ಮತ್ತೆ ಸೇರಿ ನೀರಾಗಿ, ಬುಡದ ಮಡುವಿಗೆ ಬೀಳುತ್ತಿತ್ತು. ಗಳಹುತ್ತಿದ್ದ ಹುಡುಗರು ಸುಮ್ಮನಾದರು. ತಮ್ಮನು ಚಿತ್ರ ತೆಗೆಯಹೋದನು. ಗಾಜಿನ ಮೇಲೆ ತುಂತುರು ಕುಳಿತು ಏನೂ ಬರಲಿಲ್ಲ. ಮಡು ಆಳವಾದದ್ದು, ಕಲ್ಲು ಜಾರುವಂತಹುದು. ಕಾವಲಿನವರು ನಿಲ್ಲೆಂದ ಸ್ಥಳದಲ್ಲಿ ನಿಂತು ನೋಡುವುದೇ ಸಂಸಾರವಂದಿಗರಿಗೆ ಯೋಗ್ಯ.

ಅಲ್ಲಿಯ ನಿಶ್ಶಬ್ದದ ವಿಷಯದಲ್ಲಿ ಒಂದು ಮಾತು ಹೇಳದಿದ್ದರೆ ನಮ್ಮ ಬರಹ ಅರ್ಧವಾದೀತು. ಈ ಕಾಡು ಯಾವಾಗಲೂ ಜನರಿಲ್ಲದ್ದಾಗಿರಲಿಲ್ಲ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವೆಂದು ಮೊದಲಾದದ್ದು 1974ರಲ್ಲಿ ವಿಸ್ತಾರವಾಗಿ ಭದ್ರಾ ಎಂಬ ಹೆಸರು ಪಡೆದು, 1998ರಲ್ಲಿ ಹುಲಿಯ ರಕ್ಷಿತಾರಣ್ಯವಾಯಿತು. ಅದರೊಳಗಿನ ಹಳ್ಳಿಗಳಲ್ಲಿದ್ದ ನಾನೂರಕ್ಕೂ ಹೆಚ್ಚು ಸಂಸಾರಗಳು 2001, 2002ರ ಸುಮಾರಿಗೆ ಮನೆ, ಗದ್ದೆ, ದೈವದ ಬನಗಳನ್ನು ಬಿಟ್ಟು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಚಿಕ್ಕಮಗಳೂರಿನ ಕಡೆಯ ಕೆಳಗೂರಿಗೂ ಹೋಗಿ ನೆಲೆಸಿದುವು. ಒಳಗೆ ಆಸ್ಪತ್ರೆ, ಶಾಲೆ, ವಿದ್ಯುತ್ತುಗಳಿಲ್ಲದೆ, ಕಾಡಾನೆಗೆ ಬೆಳೆ ತೆತ್ತು ಬೇಸತ್ತು, ಒಪ್ಪಿ ಹೊರಟವರು ಬಹಳ ಮಂದಿ. ದೇಶದಲ್ಲಿ ಇಂತಹ ಸ್ಥಳಾಂತರಗಳಲ್ಲಿ ಸರಿಯಾಗಿ ನಡೆದದ್ದು ಇದೆಂದು ಬಲ್ಲವರು ಹೊಗಳುವುದುಂಟು. ಇರಬಹುದು. ಆದರೆ ಹುಟ್ಟಿದ ಮನೆಯನ್ನು ಬಿಟ್ಟವರ ನೆಲದಲ್ಲಿ, ಒಂದು ದಿನದ ಚೀಟಿ ಕೊಂಡು ನಿಂತಿರುವ ನಾವು, ತಿಂದ ಪೊಟ್ಟಣವನ್ನು ಎಸೆದು ಬರುವುದು ಎಂತಹ ಅಸಹ್ಯ! ಹಳ್ಳದ ದಡದಲ್ಲಿ ಅಂತಹವು ನಾಲ್ಕಾರು ಕಂಡುವು. ಹುಡುಗರು ಹೇಳಿಸಿಕೊಳ್ಳದೆ ಆಯ್ದು ಚೀಲಕ್ಕೆ ತುಂಬಿಕೊಂಡರು.

ಹಿಂದಿರುಗಿದಾಗ ತಾಯಿಯವರು ಬಿಸಿಲಿನಲ್ಲಿ ಕುಳಿತಿದ್ದರು. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಹೇಗಿತ್ತೆಂದು ಕೇಳಿದರು. ದೊಡ್ಡವನು ಅಡಿಗಳ ಲೆಕ್ಕ ಹೇಳಿದ. ಚಿಕ್ಕವಳು ಇಂಬಳದ ಕಥೆಯನ್ನೇ ಹೇಳಿದಳು. ತಮ್ಮನು ಮಸುಕಾದ ಚಿತ್ರವನ್ನು ತೋರಿಸಿದನು. ಎಲ್ಲವನ್ನೂ ಕೇಳಿ, “ಸರಿ, ನಾಳೆ ಕಲ್ಹತ್ತಿ” ಎಂದರು.

ಕಲ್ಹತ್ತಿಯ ನೀರು ಕೆಮ್ಮಣ್ಣುಗುಂಡಿಯಿಂದ ಸುಮಾರು 10 ಕಿಲೋಮೀಟರು ಕೆಳಗೆ. ಎತ್ತರ 122 ಮೀಟರು, ಎಂದರೆ 400 ಅಡಿ. ಮೋಟಾರು ಬಹಳ ಹತ್ತಿರದವರೆಗೆ ಹೋಗುವುದು. ಬಂಡೆಗಳ ಸಂದಿನಲ್ಲಿ ವಿಜಯನಗರದ ಕಾಲದ ವೀರಭದ್ರಸ್ವಾಮಿಯ ಗುಡಿ; ಗುಡಿಯ ಮುಂದೆಯೇ, ಕಲ್ಲಿನ ಆನೆಗಳ ಬಳಿ, ನೀರು ಬಂದು ಬೀಳುತ್ತದೆ. ಇಲ್ಲಿ ದರ್ಶನಕ್ಕೂ ನೋಟಕ್ಕೂ ಬೇರೆ ಬೇರೆ ದಾರಿಯಿಲ್ಲ. ತಾಯಿಯವರು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದರು. ಪೂಜೆಯಾದ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತುಂತುರಿನಲ್ಲಿ ಹೋಗಿ ನಿಂತರು. ಬಹಳ ಹೊತ್ತು ನಿಂತಿದ್ದರು. ಬೊಗಸೆಯಲ್ಲಿ ನೀರು ಹಿಡಿದು ತಲೆಗೆ ಹಾಕಿಕೊಂಡು, ಹತ್ತಿರವಿದ್ದ ಮೊಮ್ಮಗನನ್ನು, “ಹೆಬ್ಬೆಯದು ಇದಕ್ಕಿಂತ ಎಷ್ಟು ಎತ್ತರವೋ?” ಎಂದು ಕೇಳಿದರು.

“ನೂರೈವತ್ತು ಅಡಿ ಹೆಚ್ಚು, ಅಜ್ಜಿ.”

ಅವರು ತಲೆಯೆತ್ತಿ ನೀರಿನ ನೆತ್ತಿಯನ್ನು ನೋಡಲು ಪ್ರಯತ್ನಿಸಿ, ಕತ್ತು ನೊಂದು, ನಕ್ಕುಬಿಟ್ಟರು. “ಹಾಗಾದರೆ ಆ ನೂರೈವತ್ತು ಅಡಿ ನನಗೆ ಹೇಗೂ ಕಾಣುತ್ತಿರಲಿಲ್ಲ, ಬಿಡು.”

ಒದ್ದೆ ಬಟ್ಟೆಗಳನ್ನು ಬದಲಾಯಿಸಿ ಹತ್ತು ಗಂಟೆಗೆ ಘಾಟಿಯಿಳಿದೆವು. ಬೀರೂರಿನಲ್ಲಿ ಕಾಫಿ ಕುಡಿದು ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು.